ಎತ್ತಿದ ಫೋನು ರಿಂಗಾದದ್ದು ಹೇಗೆ?

ಸಂಜೆ ಗ್ರಂಥಾಲಯದ ಕೆಲಸ ಮುಗಿಸಿ ಮನೆಗೆ ಬಂದ ಆಕೆಗೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಗಂಡ ಫೋನು ಹಿಡಿದು ಕೂತಿರುವುದು ಕಾಣಿಸಿತು.

"ಮತ್ತೆ ಚದುರಂಗಾನಾ?" ಎಂದು ಚಪ್ಪಲಿ ಬಿಡುತ್ತಲೇ ಕೇಳಿದರು.

ಉತ್ತರವಿಲ್ಲ.

"ನಿಮ್ಮನ್ನೇ ಕೇಳಿದ್ದು—"

ಹತ್ತಿರ ಹೋದರು. ತಲೆ ಒಂದು ಪಕ್ಕಕ್ಕೆ ವಾಲಿತ್ತು. ರಿಸೀವರು ಬೆರಳುಗಳ ನಡುವೆ ಸಿಕ್ಕಿಕೊಂಡು ಮಡಿಲಿಗೆ ಜಾರಿತ್ತು. ಭುಜ ಹಿಡಿದು ಅಲುಗಿಸಿದರು. ಮೈ ಆಗಲೇ ತಣ್ಣಗಾಗತೊಡಗಿತ್ತು.

ಆಂಬುಲೆನ್ಸ್ ಬಂತು. ಆಸ್ಪತ್ರೆ ಇದ್ದದ್ದು ಪಕ್ಕದ ಬೀದಿಯಲ್ಲೇ. ಬಂದ ವೈದ್ಯ ನಾಡಿ ಹಿಡಿದು ನೋಡಿ ಕೈ ಕೆಳಗಿಟ್ಟ. ಉಬ್ಬಸದ ಹಳೆಯ ರೋಗಿ. ಉಸಿರು ಕಟ್ಟಿ ಹೋಗಿದ್ದರು. "ಸ್ವಲ್ಪ ಮುಂಚೆ ಕರೆದಿದ್ದರೆ..." ಎಂದವನು ಮುಂದಿನದನ್ನು ನುಂಗಿಕೊಂಡ. ನುಂಗಿದ ಆ ಮಾತೇ ಆ ಮನೆಯಲ್ಲಿ ಉಳಿದುಬಿಟ್ಟಿತು.

ಏಕೆಂದರೆ ಫೋನು ಸತ್ತವರ ಕೈಯಲ್ಲೇ ಇತ್ತು. ಅದು ಕೆಟ್ಟಿರಲಿಲ್ಲ, ಹೆಂಡತಿ ಆಂಬುಲೆನ್ಸಿಗೆ ಹೇಳಿದ್ದು ಅದೇ ಫೋನಿನಿಂದ. ಆಸ್ಪತ್ರೆಯ ನಂಬರು ಅವರಿಗೆ ಬಾಯಿಪಾಠವಾಗಿತ್ತು. ಜೀವನವಿಡೀ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ಊರಿನವರ ಮಾತಿಗೆಲ್ಲ ದಾರಿ ಮಾಡಿಕೊಟ್ಟ ಮನುಷ್ಯ, ಕೊನೆಗಾಲದಲ್ಲಿ ಫೋನು ಎತ್ತಿಕೊಂಡು ಯಾರಿಗೂ ಒಂದು ಮಾತು ಹೇಳದೆ ಹೋದದ್ದು ಏಕೆ?

ಈ ಪ್ರಶ್ನೆ ಹೊತ್ತು ಅವರ ಮಗಳು ನಮ್ಮ ಮನೆ ಬಾಗಿಲಿಗೆ ಬಂದಳು.

ನಮ್ಮ ಮನೆ ಎಂದರೆ ನನ್ನ ಅಕ್ಕನ ಮನೆ. ಅಕ್ಕ ಪೊಲೀಸ್ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತಳಾದವಳು. ಬೀದಿಯವರಿಗೆಲ್ಲ ಇನ್ಸ್‌ಪೆಕ್ಟರಮ್ಮ. ಠಾಣೆಯವರು ಕೈಬಿಟ್ಟ ಕಗ್ಗಂಟುಗಳು ಅವಳನ್ನು ಹುಡುಕಿಕೊಂಡು ಬರುತ್ತವೆ. ನಾನು ಕಾಲೇಜಿನಲ್ಲಿ ಪಾಠ ಹೇಳಿದವನು. ಅವಳ ಲೆಕ್ಕದಲ್ಲಿ ಸ್ಕೂಟರ್ ಓಡಿಸುವುದೊಂದೇ ನನಗೆ ಬರುವ ವಿದ್ಯೆ.

"ಕೂತ್ಕೊಳಮ್ಮ. ಮೊದಲು ನೀರು ಕುಡಿ."

"ನೀರು ಬೇಡ ಮೇಡಂ. ಆ ಸಿಸ್ಟರ್‌ಗೆ ಶಿಕ್ಷೆ ಆಗ್ಬೇಕು." ಹುಡುಗಿಯ ಕಣ್ಣುಗಳು ಅತ್ತೂ ಅತ್ತೂ ಬಾತುಹೋಗಿದ್ದವು. ದನಿಯಲ್ಲಿ ಮಾತ್ರ ಬೆಂಕಿಯಿತ್ತು.

"ಯಾವ ಸಿಸ್ಟರು?"

"ಅಪ್ಪನ್ನ ನೋಡ್ಕೊಳ್ಳೋಕೆ ಇಟ್ಟಿದ್ದ ದಾದಿ. ಅಮ್ಮ ಬರೋತನಕ ಇರ್ಬೇಕು ಅಂತ ಮಾತು. ಅವತ್ತು ಅಪ್ಪನ್ನ ಒಬ್ಬರನ್ನೇ ಬಿಟ್ಟು ಹೋಗಿದಾಳೆ."

"ನೀನೆಲ್ಲಿದ್ದೆ?"

"ಮಹಡಿ ಮೇಲೆ ಕೆಲಸ ಮಾಡ್ತಿದ್ದೆ. ಕಂಪ್ಯೂಟರಲ್ಲಿ ಪುಸ್ತಕಗಳಿಗೆ ಪುಟ ಕಟ್ಟೋ ಕೆಲಸ ನಂದು. ಪ್ರೆಸ್‌ನಿಂದ ಇ-ಮೇಲ್ ಬಂತು, ಕಳಿಸಿದ ಪುಟದಲ್ಲಿ ಅಕ್ಷರ ಎಲ್ಲಾ ಒಡೆದುಹೋಗಿದೆ, ತಕ್ಷಣ ಬಾ ಅಂತ. ಓಡಿದೆ. ನಾನು ಹೊರಟಾಗ ಆಕೆ ಅಪ್ಪನ ಪಕ್ಕದಲ್ಲೇ ಕೂತಿದ್ದಳು. ಆಕೆ ಇದಾಳೆ ಅಂತ ತಾನೇ ನಾನು ಹೋಗಿದ್ದು?"

"ಬಿಟ್ಟು ಹೋಗಿದ್ದು ತಪ್ಪು. ಆದ್ರೆ ಅಷ್ಟಕ್ಕೇ ಕೊಲೆ ಅಂತೀಯಾ?"

"ಫೋನು ಕೈಲಿತ್ತು ಮೇಡಂ! ಎಚ್ಚರ ಇದ್ದಿದ್ರೆ ಅಪ್ಪ ಕರೀತಿರಲಿಲ್ವಾ? ನಿದ್ದೆ ಮಾತ್ರೆ ಜಾಸ್ತಿ ಕೊಟ್ಟು, ಮಲಗಿಸಿ, ತನ್ನ ಪಾಡಿಗೆ ಹೋಗಿದಾಳೆ. ಫೋನ್ ಎತ್ತೋ ಹೊತ್ತಿಗೆ ಅಪ್ಪನಿಗೆ ಬೆರಳು ಆಡಿಸೋ ಶಕ್ತಿನೂ ಇರಲಿಲ್ಲ. ಠಾಣೆಯವರು ಸಹಜ ಸಾವು ಅಂತ ಕೈ ತೊಳ್ಕೊಂಡ್ರು. ಅಂತ್ಯಕ್ರಿಯೆನೂ ಮುಗಿದುಹೋಯ್ತು. ನಾನು ಮಾತ್ರ ಬಿಡಲ್ಲ. ಅವಳನ್ನ ಕಳಿಸಿದ ಸಂಸ್ಥೆಯವರಿಗೆ ಬರೆದಿದೀನಿ. ಕೆಲಸದಿಂದ ತೆಗೆದಿದಾರೆ. ಇನ್ನು ಎಲ್ಲೂ ಅವಳಿಗೆ ಕೆಲಸ ಸಿಗಬಾರದು."

ಅಕ್ಕ ಅವಳನ್ನೇ ನೋಡಿದಳು. "ನಿಮ್ಮಮ್ಮ ಏನಂತಾರೆ?"

"ಅಮ್ಮನಾ? ಹೋದವರು ಹೋದ್ರು, ಬಿಟ್ಟುಬಿಡು ಅಂತಾರೆ. ಅದಕ್ಕೂ ನನಗೆ ಹೊಟ್ಟೆ ಉರಿಯುತ್ತೆ."

—

ದಾದಿಯ ಮನೆ ಒಂದು ಉದ್ದ ಸಾಲಿನ ಕೊನೆಯಲ್ಲಿತ್ತು. ಒಂದೇ ಕೋಣೆ. ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರ ಮೊಳೆಗೆ ನೇತುಬಿದ್ದಿತ್ತು. ತೊಡುವ ಕೆಲಸವೇ ಇಲ್ಲದ ಬಟ್ಟೆಗೆ ಇಸ್ತ್ರಿ ಯಾಕೋ ಎಂದುಕೊಂಡೆ.

"ಬಿಟ್ಟು ಹೋದೆಯಾ?" ಅಕ್ಕ ಸುತ್ತಿ ಬಳಸಿ ಕೇಳುವವಳಲ್ಲ.

"ಹೋದೆ ಮೇಡಂ."

"ಯಾಕೆ?"

"ಅವತ್ತು ನನ್ನ ಮಗಳ ಶಾಲೇಲಿ ನಾಟಕ. ಬೆಳಗ್ಗೆಯಿಂದ ನಾನು ಬಾಯೇ ಬಿಟ್ಟಿರಲಿಲ್ಲ. ಹೇಗೋ ಸಾಹೇಬ್ರಿಗೆ ಗೊತ್ತಾಗೋಯ್ತು. 'ಮಗಳು ವೇದಿಕೆ ಮೇಲೆ ನಿಂತು ನಿನ್ನನ್ನೇ ಹುಡುಕ್ತಿರ್ತಾಳೆ, ಹೋಗಮ್ಮ' ಅಂದ್ರು. ಆಗಲ್ಲ ಅಂದೆ. ಬೈದ್ರು. 'ಇನ್ನೇನು ನನ್ನ ಹೆಂಡತಿ ಬರೋ ಹೊತ್ತು. ಫೋನ್ ಪಕ್ಕದಲ್ಲೇ ಇದೆ. ಎಕ್ಸ್‌ಚೇಂಜಿನವನಿಗೆ ಫೋನ್ ಮಾಡೋದು ಹೇಳಿಕೊಡ್ತೀಯಾ?' ಅಂದ್ರು."

"ನಿದ್ದೆ ಮಾತ್ರೆ?"

ಆಕೆ ತಟ್ಟನೆ ತಲೆಯೆತ್ತಿದಳು. "ಅವರಿಗೆ ನಿದ್ದೆ ಮಾತ್ರೆ ಕೊಡೋ ಹಾಗೇ ಇಲ್ಲ ಮೇಡಂ. ಉಬ್ಬಸದವರಿಗೆ ವಿಷ ಅದು. ಅಷ್ಟೂ ಗೊತ್ತಿಲ್ಲದ ದಾದಿನಾ ನಾನು?"

"ಹೊರಡುವಾಗ ಫೋನು ಸರಿ ಇತ್ತಾ?"

"ಎತ್ತಿ ನೋಡಲಿಲ್ಲ. ಕೈಗೆ ಸಿಗೋ ಹಾಗೆ ಹತ್ತಿರ ಎಳೆದಿಟ್ಟೆ, ಅಷ್ಟೇ." ಸ್ವಲ್ಪ ತಡೆದು, "ಎತ್ತಿ ನೋಡ್ಬೇಕಿತ್ತಾ?" ಎಂದಳು.

ಅಕ್ಕ ಎದ್ದು ಹೊರನಡೆದಳು.

—

ಸತ್ತವರ ಮನೆಯ ಗೋಡೆಗೆ ಅಂಟಿಕೊಂಡೇ ಒಬ್ಬ ಟೈಲರಿನ ಅಂಗಡಿ. ಹಲ್ಲಿನಲ್ಲಿ ಸೂಜಿ ಕಚ್ಚಿಕೊಂಡೇ ಮಾತಾಡಿದ.

"ಅವತ್ತು ಸಂಜೆ ಏನಾದ್ರೂ ಸದ್ದು? ಕೂಗು?"

"ಏನೂ ಇಲ್ಲಮ್ಮ. ಮಿಷನ್ ನಿಲ್ಲಿಸಿ ಕೈಹೊಲಿಗೆ ಹಾಕ್ತಾ ಕೂತಿದ್ದೆ. ಪಾಪ, ಫೋನ್ ಕೂಡ ಹೊಡ್ಕೊಳ್ಳಲಿಲ್ಲ."

"ಹೊಡ್ಕೊಂಡ್ರೆ ನಿಮಗೆ ಕೇಳಿಸುತ್ತಾ?"

"ಕೇಳಿಸುತ್ತಾ ಅಂತೀರಾ! ಯಜಮಾನರಿಗೆ ಕಿವಿ ಸ್ವಲ್ಪ ಮಂದ. ಬೆಂಕಿ ಬಿದ್ದಾಗ ಬಾರಿಸೋ ಅಂಥಾ ಗಂಟೆ ಹಾಕ್ಕೊಂಡಿದ್ರು. ಅದು ಹೊಡೆದ್ರೆ ಸತ್ತವರೂ ಎದ್ದು—" ಸೂಜಿ ತೆಗೆದು ನಾಲಿಗೆ ಕಚ್ಚಿಕೊಂಡ. "ತಪ್ಪಾಯ್ತಮ್ಮ. ಅಭ್ಯಾಸಬಲ."

"ಅವತ್ತು ಸಂಜೆ ಒಂದು ಸಲನೂ ಹೊಡೀಲಿಲ್ಲ?"

"ನನ್ನ ಮಕ್ಕಳಾಣೆಗೂ ಇಲ್ಲ."

ಅಲ್ಲಿಂದ ಭೂಗೋಳದ ಮೇಷ್ಟ್ರ ಮನೆಗೆ ಹೋದೆವು. ಶಾಲೆ ಬಿಟ್ಟು ಎಷ್ಟೋ ಕಾಲವಾದರೂ ಊರಿಗೆಲ್ಲ ಅವರು ಭೂಗೋಳದ ಮೇಷ್ಟ್ರೇ. ಸತ್ತವರ ಆಪ್ತ ಗೆಳೆಯ. ಇಬ್ಬರಿಗೂ ಓಡಾಟ ಕಷ್ಟ. ಹಾಗಾಗಿ ದಿನಾ ಸಂಜೆ ಫೋನಿನಲ್ಲೇ ಚದುರಂಗ. ತಮ್ಮ ತಮ್ಮ ಮನೆಯಲ್ಲಿ ಮಣೆ ಹಾಸಿಕೊಂಡು ನಡೆಗಳನ್ನು ಹೇಳಿಕೊಳ್ಳುತ್ತಿದ್ದರು.

"ಅವತ್ತು ನೀವು ಫೋನ್ ಮಾಡಿದ್ರಾ ಮೇಷ್ಟ್ರೇ?"

"ಮಾಡಿದೆ. ಮಾಡ್ತಾನೇ ಇದ್ದೆ. ಟ್ರಿಣ್ ಟ್ರಿಣ್ ಅಂತ ಹೊಡೀತಾನೇ ಇತ್ತು, ಎತ್ತಲಿಲ್ಲ. ಅವನ ಆನೆ ನನ್ನ ಕೈಲಿ ಸಿಕ್ಕಿತ್ತು, ಸೋಲ್ತೀನಿ ಅಂತ ತಪ್ಪಿಸ್ಕೊಂಡ ಅಂದ್ಕೊಂಡೆ. ಬಾಯಿಗೆ ಬಂದ ಹಾಗೆ ಬೈದೆ ನೋಡಿ, ಒಬ್ಬನೇ ಕೂತು."

"ರಿಂಗ್ ಆಗ್ತಿತ್ತು ಅನ್ನೋದು ಖಚಿತವಾ? ಎಂಗೇಜ್ ಇರಲಿಲ್ವಾ?"

"ಖಚಿತ. ಎಂಗೇಜ್ ಬಂದಿದ್ದು ಕೊನೇ ಸಲ ಮಾತ್ರ. ಅದಕ್ಕೂ ತುಸು ಮುಂಚೆ ಮಾಡಿದಾಗ ರಿಂಗೇ ಆಗ್ತಿತ್ತು. ಕೊನೇ ಸಲ ಮಾತ್ರ ಕೊಂಯ್ ಕೊಂಯ್ ಅಂತು. ಸದ್ಯ, ಎದ್ದು ಯಾರ ಹತ್ರಾನೋ ಮಾತಾಡ್ತಿದಾನೆ, ಚೆನ್ನಾಗಿದಾನೆ ಅಂತ ಸಮಾಧಾನ ಆಯ್ತು. ಕಾಫಿ ಕುಡಿಯೋಕೆ ಎದ್ದೆ."

ಆ ಕೊಂಯ್ ಕೊಂಯ್ ಎಂದರೆ ಹೆಂಡತಿ ಆಂಬುಲೆನ್ಸ್ ಕರೆಯುತ್ತಿದ್ದ ಹೊತ್ತು. ಅದು ಅವರಿಗೂ ಆಮೇಲೆ ತಿಳಿದಿದೆ. ಮುಖ ಆಚೆ ತಿರುಗಿಸಿಕೊಂಡರು.

ಹೊರಗೆ ಬಂದು ನಾನು ಕಿಡಿಕಾರಿದೆ. "ಇಬ್ಬರಲ್ಲಿ ಒಬ್ಬ ಸುಳ್ಳ! ಮೇಷ್ಟ್ರು ರಿಂಗಾಯ್ತು ಅಂತಾರೆ. ಟೈಲರ್ ಗಂಟೆನೇ ಹೊಡೀಲಿಲ್ಲ ಅಂತಾನೆ."

"ಇಬ್ಬರೂ ನಿಜ ಹೇಳ್ತಿದ್ರೆ?"

"ಅದು ಹೇಗೆ ಸಾಧ್ಯ ಅಕ್ಕಾ?"

"ಗಾಡಿ ತಿರುಗಿಸು."

—

ಮಗಳು ಮನೆಯಲ್ಲಿದ್ದಳು. ಅಕ್ಕ ಕಿಟಕಿಯ ಪಕ್ಕದ ಕುರ್ಚಿಯ ಬಳಿ ಹೋದಳು. ಕಪ್ಪು ಬಣ್ಣದ ಭಾರದ ಫೋನು. ಎತ್ತಿ ಕಿವಿಗಿಟ್ಟಳು. ಗುಂಯ್ ಎಂಬ ನಾದ ನನಗೂ ಕೇಳಿಸಿತು.

"ಇದರ ತಂತಿ ಹೀಗೆ ಮೇಲಕ್ಕೆ ಹೋಗುತ್ತಲ್ಲ, ಅಲ್ಲೇನಿದೆ?"

"ನನ್ನ ಕಂಪ್ಯೂಟರು."

ಮೊಬೈಲು ಇನ್ನೂ ಸಿರಿವಂತರ ಆಟಿಕೆಯಾಗಿದ್ದ, ಅಂತರಜಾಲವೂ ಫೋನಿನ ತಂತಿಯಲ್ಲೇ ಬರುತ್ತಿದ್ದ ದಿನಗಳವು. ಮಹಡಿಯ ಕೋಣೆಯಲ್ಲಿ ಕಂಪ್ಯೂಟರಿನ ಪಕ್ಕ ಒಂದು ಮೋಡೆಮ್ ಇತ್ತು — ಕಂಪ್ಯೂಟರಿನ ಭಾಷೆಯನ್ನು ತಂತಿಯಲ್ಲಿ ಹರಿಯುವ ಕೀರಲು ಸದ್ದಾಗಿಯೂ, ಆ ಸದ್ದನ್ನು ಮತ್ತೆ ಭಾಷೆಯಾಗಿಯೂ ಮಾಡುವ ಪುಟ್ಟ ಡಬ್ಬಿ. ಅದರ ಮೇಲುಗಡೆ ಗೋಡೆಗೆ ಒಂದು ಹಳೆಯ ಗುಬುಟು, ಹಿಡಿದು ತಿರುಗಿಸುವ ದುಂಡು ಸ್ವಿಚ್ಚು. ಅದರ ಎರಡು ಬದಿಗಳಲ್ಲಿ ನೀಲಿ ಶಾಯಿಯಲ್ಲಿ ದುಂಡಗೆ ಬರೆದಿತ್ತು: 'ಮಗಳು', 'ಅಪ್ಪ'.

"ಅಪ್ಪನೇ ಹಾಕಿಕೊಟ್ಟಿದ್ದು," ಎಂದಳು ಹುಡುಗಿ. "ಇರೋದು ಒಂದೇ ಲೈನು. ನಾನು ಪುಟ ಕಳಿಸ್ತಿರುವಾಗ ಕೆಳಗೆ ಯಾರಾದ್ರೂ ರಿಸೀವರ್ ಎತ್ತಿದ್ರೆ ಎಲ್ಲಾ ಕಡಿದುಹೋಗೋದು. ಮೊದಲಿಂದ ಕಳಿಸ್ಬೇಕು. ದಿನಾ ಜಗಳ. ಅದಕ್ಕೆ ಇದನ್ನ ತಂದು ಕೂರಿಸಿದ್ರು. ಈ ಕಡೆ ತಿರುಗಿಸಿದ್ರೆ ಲೈನು ನಂದು. ಆ ಕಡೆ ತಿರುಗಿಸಿದ್ರೆ ಅವರದು."

"ಅವತ್ತು ನೀನು ಲೈನು ತಗೊಂಡಿದ್ದೆ."

"ತಗೊಂಡಿದ್ದೆ. ಕೆಲಸ ಮುಗಿದ ಮೇಲೆ ವಾಪಸ್ ತಿರುಗಿಸಿದೀನಿ. ಯಾವಾಗಲೂ ತಿರುಗಿಸ್ತೀನಿ."

"ತಿರುಗಿಸಿದ್ದು ನೆನಪಿದೆಯಾ?"

"ಬೀಗ ಹಾಕಿದ್ದು ನೆನಪಿರುತ್ತಾ ಮೇಡಂ? ಕೈ ತಾನೇ ಹಾಕಿರುತ್ತೆ. ಆದ್ರೂ ಅವತ್ತು ಸುದ್ದಿ ಕೇಳಿ ಮನೆಗೆ ಓಡಿ ಬಂದಾಗ..." ಹುಡುಗಿ ನಿಲ್ಲಿಸಿದಳು.

"ಬಂದಾಗ?"

"ಅಪ್ಪನ ಮುಖ ನೋಡೋಕೂ ಮುಂಚೆ ಮೇಲೆ ಬಂದು ಇದನ್ನ ನೋಡಿದೆ. 'ಅಪ್ಪ'ನ ಕಡೆಗೇ ಇತ್ತು. ಆಮೇಲೇ ಕೆಳಗೆ ಹೋಗಿ ಅತ್ತೆ."

ಅಕ್ಕ ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟಳು. ಅಪರಾಧಿಗಳ ಮೇಲಾಗಲಿ ನಿರಪರಾಧಿಗಳ ಮೇಲಾಗಲಿ ಅಕ್ಕ ಕೈಯಿಟ್ಟದ್ದನ್ನು ನಾನು ಕಂಡಿರಲಿಲ್ಲ.

ಹುಡುಗಿ ಪ್ರೆಸ್ಸಿಗೆ ಹೊರಟಳು. ಬೀಗದ ಕೈಯನ್ನು ಟೈಲರಿನ ಹತ್ತಿರ ಕೊಟ್ಟು ಹೋಗಿ ಎಂದಳು. ಅವಳು ಮರೆಯಾದದ್ದೇ ತಡ, ಅಕ್ಕ ನನ್ನ ಕಡೆ ತಿರುಗಿದಳು.

"ಮೂಲೆಯ ಔಷಧಿ ಅಂಗಡಿಯ ಕಾಯಿನ್ ಫೋನಿಗೆ ಹೋಗು. ಈ ಮನೆಗೆ ಫೋನ್ ಮಾಡು. ಆಮೇಲೆ ಅಲ್ಲೇ ಸ್ವಲ್ಪ ಹೊತ್ತು ಕಾದು, ಇನ್ನೊಂದು ಸಲ ಮಾಡು."

ಹೋದೆ. ಮೊದಲ ಸಲ ಎಂಗೇಜ್. ಕಾದು ಎರಡನೇ ಸಲ ಮಾಡಿದೆ. ರಿಂಗಾಯಿತು. ಆಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಬೇಸತ್ತು ವಾಪಸು ಬಂದೆ.

"ಎರಡನೇ ಸಲ ಯಾಕೆ ಎತ್ತಲಿಲ್ಲ ಅಕ್ಕಾ? ಅಷ್ಟು ಹೊತ್ತು ರಿಂಗ್ ಮಾಡಿದೆ!"

ಅಕ್ಕ ಸತ್ತವರ ಕುರ್ಚಿಯಲ್ಲೇ ಕೂತಿದ್ದಳು. ರಿಸೀವರು ಅವಳ ಕೈಯಲ್ಲಿತ್ತು.

"ಎರಡು ಸಲನೂ ಎತ್ತಿ ಹಿಡ್ಕೊಂಡೇ ಇದ್ದೆ ಕಣೋ," ಎಂದಳು ಮೆಲ್ಲಗೆ.

—

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಬೆನ್ನು ಕಿತ್ತುಹೋದ ಪುಸ್ತಕಗಳಿಗೆ ಅಂಟು ಹಚ್ಚುತ್ತಾ ಕೂತಿದ್ದರು ಆ ತಾಯಿ. ಮಂಡಿಗೆ ಬಟ್ಟೆ ಬಿಗಿದುಕೊಂಡಿದ್ದರು.

"ಒಂದೇ ಪ್ರಶ್ನೆ," ಎಂದಳು ಅಕ್ಕ. "ಆಂಬುಲೆನ್ಸ್‌ಗೆ ಹೇಳೋಕೂ ಮುಂಚೆ ಮಹಡಿ ಹತ್ತಿದ್ರಾ?"

ಅಂಟಿನ ಕುಂಚ ನಿಂತಿತು.

"ನನ್ನ ಮಂಡಿ ನೋಡಿ. ನಾನು ಮಹಡಿ ಹತ್ತೋದನ್ನ ಬಿಟ್ಟು ಯಾವ ಕಾಲ ಆಯ್ತೋ."

"ಅದಕ್ಕೇ ಕೇಳಿದ್ದು."

"ಇಲ್ಲ."

"ಒಬ್ಬ ಹೆಂಗಸಿನ ಅನ್ನ ಹೋಗಿದೆ. ಮೈಮೇಲೆ ಕೊಲೆಯ ಹೆಸರು ಬಿದ್ದಿದೆ."

ತಾಯಿ ಪುಸ್ತಕದ ಬೆನ್ನನ್ನು ಒತ್ತಿ ಹಿಡಿದುಕೊಂಡರು. ಅಂಟು ಒಣಗುವ ತನಕ ಹಿಡಿದೇ ಇರುತ್ತಾರೇನೋ ಎನಿಸಿತು. ಕೊನೆಗೆ, "ಆಕೆಗೆ ಬೇರೆ ಎಲ್ಲಾದರೂ ಕೆಲಸ ಸಿಗುತ್ತೆ. ನನಗೆ ಇನ್ನೊಬ್ಬಳು ಮಗಳು ಎಲ್ಲಿ ಸಿಗ್ತಾಳೆ?" ಎಂದರು.

"ಭಾನುವಾರ ನಿಮ್ಮ ಮನೆಗೆ ಬರ್ತೀನಿ. ಎಲ್ಲರಿಗೂ ಹೇಳಿ ಕಳಿಸಿದೀನಿ. ಅಷ್ಟರೊಳಗೆ ನೀವೇ ಹೇಳಿದ್ರೆ ನಾನು ಬಾಯಿ ತೆರೆಯೋಲ್ಲ."

ತಾಯಿ ಮತ್ತೆ ಕುಂಚ ಎತ್ತಿಕೊಂಡರು.

—

ಭಾನುವಾರದವರೆಗೂ ಅವರು ಹೇಳಲಿಲ್ಲ. ಬೆಳಗಿನ ಬಿಸಿಲು ಹಜಾರದ ತನಕ ಬಂದಿತ್ತು. ಮೇಷ್ಟ್ರು ಕುರ್ಚಿಯಲ್ಲಿ, ದಾದಿ ಬಾಗಿಲಿಗೆ ಆತು ನಿಂತು, ಮಗಳು ಅವಳಿಗೆ ಬೆನ್ನು ತಿರುಗಿಸಿಕೊಂಡು. ತಾಯಿ ಮೂಲೆಯ ಮಣೆಯ ಮೇಲೆ.

"ನಿದ್ದೆ ಮಾತ್ರೆಯ ಮಾತು ಮೊದಲು ಬಿಡಿ," ಎಂದು ಅಕ್ಕ ಶುರುಮಾಡಿದಳು. "ಉಸಿರು ಕಟ್ಟಿದ ಮನುಷ್ಯ ಫೋನು ಎತ್ತಿದಾರೆ. ಅಂದ್ರೆ ಎಚ್ಚರ ಇತ್ತು. ಬುದ್ಧಿಯೂ ಇತ್ತು. ಎತ್ತಿದ ಮೇಲೆ ಯಾಕೆ ಕರೀಲಿಲ್ಲ? ಇದಕ್ಕೆ ಉತ್ತರ ಮೇಷ್ಟ್ರು ನಮಗೆ ಹೇಳಿದ್ರು. ನಾವು ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ."

"ನಾನೇನು ಹೇಳಿದೆ?" ಮೇಷ್ಟ್ರು ಗಾಬರಿಯಾದರು.

"ರಿಂಗಾಗ್ತಿತ್ತು ಅಂದ್ರಿ. ಒಂದು ಮನೆಯವರು ರಿಸೀವರ್ ಎತ್ತಿದ್ದಾಗ ಅಲ್ಲಿಗೆ ಫೋನ್ ಮಾಡಿದ್ರೆ ಏನು ಕೇಳಿಸುತ್ತೆ?"

"ಎಂಗೇಜ್."

"ಯಜಮಾನರು ರಿಸೀವರ್ ಎತ್ತಿ ಕೈಲಿ ಹಿಡಿದಿದ್ರು. ಆದ್ರೆ ನಿಮಗೆ ಎಂಗೇಜ್ ಬರಲಿಲ್ಲ, ರಿಂಗ್ ಬಂತು. ಎತ್ತಿದ ಫೋನು ರಿಂಗಾಗೋದು ಹೇಗೆ?"

ಅಕ್ಕ ಕಪ್ಪು ಫೋನಿನ ಮೇಲೆ ಕೈಯಿಟ್ಟಳು.

"ಒಂದೇ ಒಂದು ದಾರಿ. ಅವರ ಕೈಲಿದ್ದ ಫೋನಿಗೂ ಲೈನಿಗೂ ಸಂಬಂಧವೇ ಇರಲಿಲ್ಲ. ಎಕ್ಸ್‌ಚೇಂಜಿನ ಪಾಲಿಗೆ ಈ ಮನೆಯಲ್ಲಿ ಯಾರೂ ಫೋನು ಎತ್ತೇ ಇಲ್ಲ. ಹಾಗಾಗಿ ಅದು ರಿಂಗ್ ಕಳಿಸ್ತಾನೇ ಇತ್ತು. ಮೊನ್ನೆ ನನ್ನ ತಮ್ಮ ಎರಡನೇ ಸಲ ಫೋನ್ ಮಾಡೋಕೂ ಮುಂಚೆ ಮೇಲಿನ ಗುಬುಟು ತಿರುಗಿಸಿಟ್ಟು ಇದನ್ನೇ ಪರೀಕ್ಷೆ ಮಾಡಿದೆ."

"ಆದ್ರೆ ಗಂಟೆ?" ಎಂದೆ ನಾನು. "ಟೈಲರ್‌ಗೆ ಕೇಳಿಸಲಿಲ್ಲವಲ್ಲ?"

"ನಾವೆಲ್ಲ ಎಡವಿದ್ದು ಅಲ್ಲೇ. ಫೋನ್ ಮಾಡಿದವರ ಕಿವಿಗೆ ಕೇಳಿಸೋ ಟ್ರಿಣ್ ಟ್ರಿಣ್, ಆ ಕಡೆ ಮನೆಯ ಗಂಟೆ ಅಂತ ನಾವು ಅಂದ್ಕೊಂಡಿದೀವಿ. ಅಲ್ಲ. ಅದನ್ನ ಎಕ್ಸ್‌ಚೇಂಜೇ ನಮಗೆ ಕೇಳಿಸುತ್ತೆ. ಮನೆಯ ಗಂಟೆ ಬೇರೆ, ಈ ಸದ್ದು ಬೇರೆ. ಅಲ್ಲಿ ಗಂಟೆ ಹೊಡೀಲಿ, ಬಿಡಲಿ, ನಮಗಂತೂ ಸಮಾಧಾನಕ್ಕೆ ಒಂದು ಸದ್ದು ಬರ್ತಿರುತ್ತೆ. ಮೇಷ್ಟ್ರ ಕರೆ ಬಂದಿದ್ದು ಮೇಲಿನ ಮೋಡೆಮ್‌ಗೆ. ಕಂಪ್ಯೂಟರ್ ಆರಿಸಿತ್ತು. ಅಲ್ಲಿ ಗಂಟೆ ಇಲ್ಲ. ಗಂಟೆ ಇರೋದು ಕೆಳಗೆ. ಕೆಳಗೆ ಲೈನೇ ಇಲ್ಲ. ಮೇಷ್ಟ್ರು ನಿಜ, ಟೈಲರ್ರೂ ನಿಜ."

ಮಗಳ ಮುಖದ ರಕ್ತ ಇಳಿಯುತ್ತಿತ್ತು. "ಆದ್ರೆ ಗುಬುಟು ಅಪ್ಪನ ಕಡೆಗೇ ಇತ್ತು. ನಾನೇ ನೋಡಿದೆ!"

"ಇತ್ತು. ನೀನು ನೋಡೋ ಹೊತ್ತಿಗೆ. ಮೇಷ್ಟ್ರ ಫೋನು ಕಡೆಯವರೆಗೂ ರಿಂಗಾಗಿ, ಆಮೇಲೆ ಎಂಗೇಜ್ ಬಂತು. ಆ ನಡುವೆ ಯಾರೋ ಅದನ್ನ ತಿರುಗಿಸಿದಾರೆ. ಸಿಸ್ಟರ್ ಆಗ ನಾಟಕದಲ್ಲಿದ್ದಳು, ಇಡೀ ಶಾಲೆ ನೋಡಿದೆ. ನೀನು ಪ್ರೆಸ್‌ನಲ್ಲಿದ್ದೆ. ಸತ್ತವರು ಮಹಡಿ ಹತ್ತಲಾರರು. ಆಗ ಈ ಮನೆಯಲ್ಲಿದ್ದವರು ಒಬ್ಬರೇ. ಲೈನಿಲ್ಲದ ಫೋನಿನಿಂದ ಆಂಬುಲೆನ್ಸ್ ಕರೆಯೋಕೆ ಆಗಲ್ಲ. ಕರೆದವರು, ಮೊದಲು ಮೇಲೆ ಹೋಗಿ ತಿರುಗಿಸಿ ಬಂದೇ ಕರೆದಿರಬೇಕು." ಅಕ್ಕ ಮೂಲೆಗೆ ತಿರುಗಿದಳು. "ಸಾಕ್ಷಿ ಅಳಿಸಿದವರು ನೀವು. ನಿಜ ಗೊತ್ತಿದ್ದೂ, ಆ ದಾದಿಯ ಮೇಲೆ ಕೊಲೆಯ ಮಾತು ಬಂದಾಗ ಸುಮ್ಮನಿದ್ದವರೂ ನೀವೇ."

ತಾಯಿ ತಲೆಯೆತ್ತಲಿಲ್ಲ. ದನಿ ಮಾತ್ರ ಬಂತು.

"ರಿಸೀವರ್ ತೆಗೆದು ಕಿವಿಗಿಟ್ಟೆ. ಸದ್ದೇ ಇಲ್ಲ. ಸದ್ದಿಲ್ಲ ಅಂದ್ರೆ ಮೇಲೆ ನೋಡು ಅಂತ ಅವರೇ ಹೇಳಿಕೊಟ್ಟಿದ್ರು. ಹತ್ತಿದೆ. ಹೇಗೆ ಹತ್ತಿದೆನೋ ನನಗೇ ಗೊತ್ತಿಲ್ಲ. ಗುಬುಟು ತಿರುಗಿಸಿ ಕೆಳಗೆ ಬಂದ್ರೆ, ಅವರ ಮಡಿಲಲ್ಲಿ ಅದು ಗುಂಯ್ ಅಂತಿತ್ತು. ಅಷ್ಟು ಹೊತ್ತು ಅವರು ಕಾದಿದ್ದು ಅದೇ ಸದ್ದಿಗಲ್ಲವಾ?" ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಇದ್ದಕ್ಕಿದ್ದಂತೆ ದನಿ ಗಟ್ಟಿ ಮಾಡಿಕೊಂಡು, "ಅದನ್ನ ಆ ಕಡೆ ತಿರುಗಿಸಿಟ್ಟಿದ್ದೂ ನಾನೇ! ಬೆಳಗ್ಗೆ ಗುಡಿಸೋಕೆ ಮೇಲೆ ಹೋಗಿದ್ದೆ, ಕೈ ತಾಗಿತು. ಬರ್ಕೊಳ್ಳಿ. ಎಲ್ಲಾ ನಂದೇ," ಎಂದರು.

"ಅಮ್ಮಾ."

ಮಗಳ ದನಿ ಗುರುತೇ ಸಿಗದಂತಿತ್ತು.

"ಅಮ್ಮಾ, ಸಾಯಂಕಾಲ ನಾನೇ ಅದನ್ನ ತಿರುಗಿಸಿ ಪುಟ ಕಳಿಸಿದ್ದು. ಬೆಳಗ್ಗೆಯಿಂದ ಅಪ್ಪ ಅದೇ ಫೋನಲ್ಲಿ ಮಾತಾಡಿದಾರೆ."

"ನೀನು ಸುಮ್ಮನಿರು. ನಿನಗೇನೂ ಗೊತ್ತಿಲ್ಲ."

"ನಾನೇ ಅಲ್ವಾ ಅಮ್ಮಾ?"

"ಅಲ್ಲ."

"ಹೇಳು. ನಾನೇ ಅಲ್ವಾ?"

ತಾಯಿ ಎದ್ದು ಮಗಳನ್ನು ಬಾಚಿ ತಬ್ಬಿಕೊಂಡರು. ಹುಡುಗಿ ಅಳಲಿಲ್ಲ. ಕೈಗಳು ಎರಡೂ ಬದಿಗೆ ಜೋತುಬಿದ್ದಿದ್ದವು. "ಅಪ್ಪನಿಗೆ ಗೊತ್ತಾಗಿರುತ್ತೆ," ಎಂದಳು. "ಎತ್ತಿದ ಕೂಡಲೇ ಗೊತ್ತಾಗಿರುತ್ತೆ. ಅದನ್ನ ಹಾಕಿದ್ದೇ ಅವರು. ನಾನು ಮರೆತಿದೀನಿ ಅಂತ ಗೊತ್ತಾಗಿ, ಸುಮ್ಮನೆ ಹಿಡ್ಕೊಂಡು ಕೂತಿದಾರೆ."

ಮೇಷ್ಟ್ರು ಕನ್ನಡಕ ತೆಗೆದರು. ನಾನು ಕಿಟಕಿಯ ಕಡೆ ನೋಡಿದೆ. ಪತ್ತೆಯಾಯಿತು ಎಂಬ ಖುಷಿ ಅಕ್ಕನ ಮುಖದಲ್ಲಿ ಹುಡುಕಿದರೂ ಇರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಹುಡುಗಿ ದಾದಿಯ ಎದುರು ಹೋಗಿ ನಿಂತಳು. "ಇವತ್ತೇ ಸಂಸ್ಥೆಯವರ ಹತ್ರ ಹೋಗ್ತೀನಿ. ಠಾಣೆಗೂ ಹೋಗ್ತೀನಿ. ನಿಮ್ಮ ಕೆಲಸ ನಿಮಗೆ ವಾಪಸ್ ಕೊಡಿಸ್ತೀನಿ. ಇನ್ನೇನು ಮಾಡ್ಲಿ, ಹೇಳಿ."

ದಾದಿ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ಕೆಲಸ ಇವತ್ತಲ್ಲ ನಾಳೆ ಸಿಗುತ್ತೆ," ಎಂದಳು. "ನನ್ನ ಮಗಳಿಗೆ ಬೀದಿ ಮಕ್ಕಳು ಏನೇನೋ ಹೇಳಿದಾರೆ. 'ನಾನು ನಾಟಕಕ್ಕೆ ಬಾ ಅಂತ ಹಟ ಮಾಡಿದ್ದಕ್ಕೇ ಆ ತಾತ ಸತ್ತಿದ್ದಾ ಅಮ್ಮಾ' ಅಂತ ದಿನಾ ಕೇಳ್ತಾಳೆ. ನಾನು ಅಲ್ಲ ಅಂದ್ರೆ ನಂಬಲ್ಲ. ನೀವು ಬಂದು ಹೇಳಿ."

—

ಅಕ್ಕ ಸ್ಕೂಟರನ್ನು ನನಗೇ ಬಿಟ್ಟು ಅವರಿಬ್ಬರ ಜೊತೆ ದಾದಿಯ ಮನೆಗೆ ನಡೆದೇ ಹೋದಳು. ನಾನು ಹಿಂದೆ ಹಿಂದೆ ತಳ್ಳಿಕೊಂಡು ಹೋದೆ.

ದಾದಿಯ ಮಗಳು ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಳ್ಳುತ್ತಿದ್ದ ಪುಟ್ಟ ಮಗು. ಮುಂದಿನ ಹಲ್ಲು ಬಿದ್ದಿತ್ತು. ಬಂದವರನ್ನು ಕಂಡು ಅಮ್ಮನ ಹಿಂದೆ ಅಡಗಿಕೊಂಡಿತು.

ಸತ್ತವರ ಮಗಳು ಅದರ ಎದುರು ನೆಲದಲ್ಲೇ ಕೂತಳು.

"ಪುಟ್ಟೀ, ತಾತ ಸತ್ತಿದ್ದು ನಿನ್ನ ನಾಟಕದಿಂದ ಅಲ್ಲ. ತಾತನ ಫೋನು ಕೆಲಸ ಮಾಡ್ಲಿಲ್ಲ. ಅದನ್ನ ಸರಿಯಾಗಿ ಇಟ್ಟು ಹೋಗ್ಬೇಕಿತ್ತು. ಒಬ್ಬರು ಮರೆತುಬಿಟ್ರು."

"ಯಾರು?"

"ನಾನು."

ಮಗು ಅಮ್ಮನ ಸೀರೆಯ ಮರೆಯಿಂದ ಅರ್ಧ ಈಚೆ ಬಂದು ಅವಳನ್ನು ದಿಟ್ಟಿಸಿತು. "ಬೇಕೂಂತ ಮರೆತ್ರಾ?"

"ಇಲ್ಲ."

"ತಾತ ನಿಮಗೆ ಏನಾಗಬೇಕು?"

"ಅಪ್ಪ."

ಮಗು ಅದನ್ನು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ, ತನಗೆ ನಿಜವಾಗಿ ಬೇಕಾಗಿದ್ದದ್ದನ್ನು ಕೇಳಿತು.

"ಹಾಗಾದ್ರೆ, ಮುಂದಿನ ನಾಟಕಕ್ಕೂ ಅಮ್ಮ ಬರಬಹುದಾ?"

"ಬರಬಹುದು," ಎಂದಳು ಅವಳು. ಅಷ್ಟು ಹೇಳುವಷ್ಟರಲ್ಲಿ, ಆ ದಿನವಿಡೀ ಬಾರದಿದ್ದ ಅಳು ಬಂತು. ದಾದಿ ಬಗ್ಗಿ ಅವಳ ತೋಳು ಹಿಡಿದು ಎಬ್ಬಿಸಿ, ಒಳಗೆ ಕರೆದುಕೊಂಡು ಹೋದಳು.